ಪಾರ್ಕಿಂಗ್ ಪರ್ಮಿಟ್, ದಂಡ ಎರಡನ್ನೂ ಗುತ್ತಿಗೆಗೆ ಕೊಟ್ಟರೆ ನಮ್ಮ ರಸ್ತೆಗೆ ಒಳ್ಳೆಯದಾ?

ಪ್ರಶ್ನೆ: ಗಾಂಧಿಬಜಾರ್ ಅಡ್ಡರಸ್ತೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬೆಂಗಳೂರಿನ ಗಾಂಧಿ ಬಜಾರ್ ಹಿಂದಿನ ಒಂದು ಅಡ್ಡರಸ್ತೆಯಲ್ಲಿದೆ. ಎರಡೂ ಕಡೆ ಕಾರು ನಿಂತರೆ ಮಧ್ಯೆ ಒಂದು ಆಟೋ ಹೋಗುವಷ್ಟು ಜಾಗ ಉಳಿಯುತ್ತದೆ. ಹಬ್ಬ ಬಂತೆಂದರೆ ಅದೂ ಇಲ್ಲ. ಕಳೆದ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೂವು, ಬಾಳೆಕಂದು ತರಲು ಬಂದ ಯಾರೋ ನಮ್ಮ ಗೇಟಿಗೆ ಅಂಟಿಸಿದ ಹಾಗೆ ಕಾರು ನಿಲ್ಲಿಸಿ ಹೋಗಿಬಿಟ್ಟಿದ್ದರು. ಅವತ್ತು ಅಪ್ಪನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕಿತ್ತು. ಅಪ್ಪ ಕುರ್ಚಿ ಹಾಕಿಕೊಂಡು ಗೇಟಿನ ಒಳಗೆ ಕೂತಿದ್ದರು, ನಾನು ಹೊರಗೆ ಆ ಕಡೆ ಈ ಕಡೆ ಓಡಾಡುತ್ತಿದ್ದೆ. ನಲವತ್ತು ನಿಮಿಷ. ಕೊನೆಗೆ ಅವರು ಕೈಯಲ್ಲಿ ನಾಲ್ಕು ಮಾರು ಸೇವಂತಿಗೆ ಹಿಡಿದುಕೊಂಡು ಬಂದು "ಐದೇ ನಿಮಿಷ ಅಲ್ವಾ ಮೇಡಂ" ಅಂದರು. ನನಗೆ ಮಾತೇ ಹೊರಡಲಿಲ್ಲ.

ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗಳ ಗೇಟಿನ ಮೇಲೆ "ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು" ಅಂತ ಬೋರ್ಡ್ ಇದೆ. ಮಿಕ್ಕವರು ಹೂಕುಂಡ, ಸಿಮೆಂಟ್ ತುಂಬಿದ ಡಬ್ಬ ಇಟ್ಟಿದ್ದಾರೆ. ಸುಮ್ನೆ ಒಂದು ದಿನ ಪುಸ್ತಕ ಹಿಡಿದು ಎಣಿಸಿದೆ. 22 ಮನೆ, 31 ಕಾರು. ಗೇಟುಗಳನ್ನು ಬಿಟ್ಟರೆ ಒಂದು ಬದಿಯಲ್ಲಿ 14 ಕಾರು ನಿಲ್ಲಬಹುದು, ಅಷ್ಟೇ.

ಈಗ ನಮ್ಮ ನಿವಾಸಿಗಳ ಸಂಘದಲ್ಲಿ ಇದೇ ಚರ್ಚೆ. 2021ರಲ್ಲಿ ಸರ್ಕಾರ ಒಪ್ಪಿದ ಪಾರ್ಕಿಂಗ್ ನೀತಿಯಲ್ಲಿ ನಿವಾಸಿಗಳಿಗೆ ವರ್ಷದ ಪರ್ಮಿಟ್ ಕೊಡುವ ಮಾತಿದೆ. ಸಣ್ಣ ಕಾರಿಗೆ 1,000 ರೂಪಾಯಿ, ದೊಡ್ಡದಕ್ಕೆ 5,000 ತನಕ. ಕೆಲವರು ಹೇಳುವುದು, ಪರ್ಮಿಟ್ ಕೊಡುವುದು, ಶುಲ್ಕ ವಸೂಲಿ, ತಪ್ಪಾಗಿ ನಿಲ್ಲಿಸಿದವರಿಗೆ ದಂಡ, ಎಲ್ಲವನ್ನೂ ಒಂದೇ ಕಂಪನಿಗೆ ಗುತ್ತಿಗೆ ಕೊಟ್ಟುಬಿಡಲಿ, ಪಾಲಿಕೆ ಕೈಯಲ್ಲಿ ಆಗುವುದಿಲ್ಲ ಅಂತ. ಇನ್ನು ಕೆಲವರು ಅಯ್ಯೋ ಮತ್ತೆ ಟೈಗರ್ ಬರುತ್ತೆ ಅಂತ ಹೆದರುತ್ತಿದ್ದಾರೆ. ಸಂಘದ ಪರವಾಗಿ ಒಂದು ಪುಟದ ಅಭಿಪ್ರಾಯ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಭಾನುವಾರ ಬೆಳಿಗ್ಗೆ ಮೀಟಿಂಗ್.

ಕಂಪನಿಯವರು ದಂಡ ಹಾಕುವುದಕ್ಕೆ ಕಾನೂನಿನಲ್ಲಿ ಅವಕಾಶ ಇದೆಯಾ? ದುಡ್ಡು ಯಾರಿಗೆ ಹೋಗಬೇಕು? ತಪ್ಪು ದಂಡ ಬಿದ್ದರೆ ಯಾರ ಹತ್ತಿರ ಹೋಗುವುದು? ಅನುಭವ ಇರುವವರು ದಯವಿಟ್ಟು ಬರೆಯಿರಿ.

ಹಳೇ ಸ್ಕೂಟರ್

ಬೇಡ ಮೇಡಂ. ಖಂಡಿತ ಬೇಡ. ಟೈಗರ್ ಕಾಲದಲ್ಲಿ ನಾನು ಅನುಭವಿಸಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಾಡಿ ಎತ್ತಿಕೊಂಡು ಹೋಗುವ ಲಾರಿಗೆ ಬೆಂಗಳೂರಿನಲ್ಲಿ ಟೈಗರ್ ಅಂತಾರೆ. ಲಾರಿ ಖಾಸಗಿಯವರದು, ಹುಡುಗರೂ ಅವರವರೇ, ಮುಂದಿನ ಸೀಟಿನಲ್ಲಿ ಮಾತ್ರ ಒಬ್ಬರು ಪೊಲೀಸ್ ಎಎಸ್‌ಐ. ನಾನು ಒಂದು ಆಸ್ಪತ್ರೆಯ ಎದುರಿನ ಮೆಡಿಕಲ್ ಶಾಪಿಗೆ ಹೋಗಿದ್ದೆ. ನೋ ಪಾರ್ಕಿಂಗ್ ಬೋರ್ಡ್ ಇತ್ತು, ಆದರೆ ಅದು ಮರದ ಕೊಂಬೆಯ ಹಿಂದೆ. ಔಷಧಿ ಕವರ್ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ನಾಲ್ಕು ಹುಡುಗರು ಲಾರಿಯಿಂದ ಧುಮುಕಿ, ಹ್ಯಾಂಡಲ್ ಲಾಕ್ ಆಗಿದ್ದ ನನ್ನ ಸ್ಕೂಟರನ್ನು ಮುಂದೆ ಇಬ್ಬರು ಹಿಂದೆ ಇಬ್ಬರು ಹಿಡಿದು, ಹಾಸಿಗೆ ಮಡಚಿ ಎತ್ತಿದ ಹಾಗೆ ಮೇಲೆ ಹಾಕಿಯೇ ಬಿಟ್ಟರು. ಮೈಕಿನಲ್ಲಿ ಕೂಗಲಿಲ್ಲ. ಓಡಿದೆ, ನಿಲ್ಲಿಸಲಿಲ್ಲ. ಠಾಣೆ ಹತ್ತಿರ ಹೋಗಿ 1,650 ರೂಪಾಯಿ ಕಟ್ಟಿದೆ. ಅದರಲ್ಲಿ 1,000 ದಂಡ, 650 ಎತ್ತಿದ ಕೂಲಿ. ದಂಡ ಸರ್ಕಾರಕ್ಕೆ, ಕೂಲಿ ಲಾರಿಯವರಿಗೆ. ಬ್ರೇಕ್ ಲಿವರ್ ಮುರಿದಿತ್ತು. ಅದನ್ನು ಯಾರೂ ಕೇಳಲಿಲ್ಲ.

ನನಗೆ ಇವತ್ತಿಗೂ ಸಂಕಟ ಆಗುವುದು ಇದಕ್ಕೆ. ಅದೇ ಜಾಗದಲ್ಲಿ, ನನ್ನ ಸ್ಕೂಟರಿಗೆ ಮೂರು ಅಡಿ ದೂರದಲ್ಲಿ, ಒಂದು ದೊಡ್ಡ ಕಾರು ಫುಟ್‌ಪಾತ್ ಮೇಲೆ ಎರಡು ಚಕ್ರ ಹತ್ತಿಸಿ ನಿಂತಿತ್ತು. ಅದನ್ನು ಮುಟ್ಟಲಿಲ್ಲ. ಯಾಕೆ ಹೇಳಿ? ಕಾರು ಎತ್ತಲು ಹೊತ್ತು ಹಿಡಿಯುತ್ತದೆ, ಒಂದು ಸಲಕ್ಕೆ ಒಂದೇ. ಅಷ್ಟು ಹೊತ್ತಿನಲ್ಲಿ ಲಾರಿ ತುಂಬ ಬೈಕು ಹೇರಬಹುದು. ಗಾಡಿಗೆ ಇಷ್ಟು ಅಂತ ಕೂಲಿ ಇಟ್ಟರೆ ಕೈಗೆ ಸುಲಭವಾಗಿ ಸಿಗುವ ಗಾಡಿಯನ್ನೇ ಎತ್ತುತ್ತಾರೆ. ದಾರಿಗೆ ಅಡ್ಡ ಇರುವುದನ್ನಲ್ಲ. ಜನ ಬೀದಿಗಿಳಿದು ಬೈದ ಮೇಲೆ 2022ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಿದರು. ಮತ್ತೆ ಅದೇ ಬಾವಿಗೆ ಯಾಕೆ ಬೀಳಬೇಕು?

ಗಾಂಧಿಬಜಾರ್ ಅಡ್ಡರಸ್ತೆ

ನಿಮ್ಮ ನೋವು ಅರ್ಥವಾಗುತ್ತದೆ ಸರ್. ಆದರೆ ಟೈಗರ್ ನಿಂತ ಮೇಲೆ ನಮ್ಮ ಬೀದಿ ಸರಿಹೋಗಲಿಲ್ಲವಲ್ಲ. ಇನ್ನೂ ಕೆಟ್ಟಿತು. ಗೇಟಿನ ಮುಂದೆ ಕಾರು ನಿಂತಾಗ ಫೋನ್ ಮಾಡಿದರೆ ಬರುವವರು ಯಾರಾದರೂ ಬೇಕಲ್ವಾ?

ಕೋರ್ಟ್ ಹಾಲ್ ಕೊನೇ ಬೆಂಚು

ವಕೀಲಿ ಮಾಡುತ್ತೇನೆ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತೇನೆ.

ಮೋಟಾರು ವಾಹನ ಕಾಯ್ದೆ 1988ರ 122ನೇ ಸೆಕ್ಷನ್ ಪ್ರಕಾರ ಅಪಾಯ ಆಗುವ ಹಾಗೆ, ಬೇರೆಯವರಿಗೆ ಅಡ್ಡಿ ಆಗುವ ಹಾಗೆ ಗಾಡಿ ಬಿಟ್ಟು ಹೋಗುವುದು ತಪ್ಪು. 127ನೇ ಸೆಕ್ಷನ್ ಗಾಡಿ ತೆಗೆಸುವ ಬಗ್ಗೆ. ಅದರಲ್ಲಿ ಸ್ಪಷ್ಟವಾಗಿ ಇದೆ, ಆ ಜಾಗದ ಅಧಿಕಾರ ಇರುವ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಹೇಳಬೇಕು. ಎತ್ತುವ ಕೆಲಸ ಬೇರೆಯವರು ಮಾಡಬಹುದು, ಅದರ ಖರ್ಚನ್ನು ಮಾಲೀಕನೇ ಕೊಡಬೇಕು. ದಂಡ ಕಟ್ಟಿಸಿಕೊಂಡು ಕೇಸು ಮುಗಿಸುವುದು 200ನೇ ಸೆಕ್ಷನ್, ಅದು ಸರ್ಕಾರ ಹೆಸರಿಸಿದ ಅಧಿಕಾರಿಗಳ ಕೆಲಸ.

ಅಂದರೆ ಕಂಪನಿಯ ಹುಡುಗ ನಿಮ್ಮ ಗಾಡಿಯ ಫೋಟೋ ತೆಗೆಯಬಹುದು, ಪರ್ಮಿಟ್ ಸ್ಟಿಕರ್ ಕೊಡಬಹುದು, ಗಂಟೆ ಲೆಕ್ಕದ ಶುಲ್ಕ ಪಡೆದು ರಸೀದಿ ಹರಿದು ಕೊಡಬಹುದು. "ನೀವು ತಪ್ಪು ಮಾಡಿದ್ದೀರಿ, ಇಷ್ಟು ದಂಡ" ಅಂತ ತೀರ್ಮಾನ ಮಾಡುವ ಹಾಗಿಲ್ಲ. ಸಂಘದ ಪತ್ರದಲ್ಲಿ ಈ ಗೆರೆಯನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಜಪಾನಿನಲ್ಲಿ 2006ರಿಂದ ಹೀಗೇ ನಡೆಯುತ್ತಿದೆ. ಖಾಸಗಿ ನೌಕರರು ರಸ್ತೆ ಸುತ್ತಿ ತಪ್ಪಾಗಿ ನಿಂತ ಗಾಡಿಯ ಫೋಟೋ ತೆಗೆದು ಚೀಟಿ ಅಂಟಿಸಿ ಹೋಗುತ್ತಾರೆ. ಮುಂದಿನದು ಪೊಲೀಸರಿಗೆ ಬಿಟ್ಟಿದ್ದು.

ಸ್ಕೂಟರ್ ಸರ್ ಹೇಳಿದ್ದಕ್ಕೆ ಒಂದು ಮಾತು. ಆ ಎಎಸ್‌ಐ ಲಾರಿಯಲ್ಲಿ ಕೂತಿದ್ದು ಈ 127ನೇ ಸೆಕ್ಷನ್ನಿಗಾಗಿಯೇ. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಆದರೆ ಅವರು ಕೆಳಗೆ ಇಳಿದು ನೋಡುತ್ತಿರಲಿಲ್ಲ.

ಫಿಂಚ್ಲಿ ಕನ್ನಡಿಗ

ನಾನು ಲಂಡನ್ನಿನ ಉತ್ತರ ಭಾಗದ ಫಿಂಚ್ಲಿಯಲ್ಲಿ ಇದ್ದೇನೆ, ಊರು ಶಿವಮೊಗ್ಗ. ಇಲ್ಲಿ ಬಹಳ ಕೌನ್ಸಿಲ್‌ಗಳು, ಅಂದರೆ ನಿಮ್ಮ ಪಾಲಿಕೆಯಂಥವು, ಪಾರ್ಕಿಂಗ್ ಕೆಲಸವನ್ನು ಕಂಪನಿಗಳಿಗೆ ಕೊಟ್ಟು ವರ್ಷಗಳೇ ಆದವು. ನಮ್ಮ ಬಾರ್ನೆಟ್ ಕೌನ್ಸಿಲ್ ಕೊಟ್ಟಿದ್ದು 2012ರಲ್ಲಿ. ಹಾಗಾಗಿ ಒಳ್ಳೆಯದು, ಕೆಟ್ಟದ್ದು ಎರಡೂ ನೋಡಿದ್ದೇನೆ.

ಮೊದಲು ಪರ್ಮಿಟ್ ಬಗ್ಗೆ ಹೇಳಿಬಿಡುತ್ತೇನೆ, ನಮ್ಮ ಕಡೆಯ ಜನ ಇದನ್ನು ತಪ್ಪು ತಿಳಿದುಕೊಳ್ಳುತ್ತಾರೆ. ಪರ್ಮಿಟ್ ಕೊಂಡರೆ ನಿಮ್ಮ ಮನೆ ಮುಂದಿನ ಜಾಗ ನಿಮ್ಮದಾಗುವುದಿಲ್ಲ. ಪರ್ಮಿಟ್ ಕೊಟ್ಟ ವಲಯದೊಳಗೆ ಎಲ್ಲಿ ಖಾಲಿ ಇದೆಯೋ ಅಲ್ಲಿ ನಿಲ್ಲಿಸಬಹುದು, ಅಷ್ಟೇ. ನೀವು 14 ಜಾಗ, 31 ಕಾರು ಅಂದಿರಿ. ಪರ್ಮಿಟ್ ಮಾರಿದಷ್ಟೂ ಕಂಪನಿಗೆ ಲಾಭ ಅನ್ನುವ ಹಾಗೆ ಒಪ್ಪಂದ ಇದ್ದರೆ 31 ಕಾರಿಗೂ ಪರ್ಮಿಟ್ ಕೊಡುತ್ತಾರೆ, ಪಕ್ಕದ ಬೀದಿಯವರಿಗೂ ಕೊಡುತ್ತಾರೆ. ಆಮೇಲೆ ನೀವು ದುಡ್ಡೂ ಕೊಟ್ಟು ಜಾಗಕ್ಕೂ ಸುತ್ತಬೇಕು. ಎಷ್ಟು ಪರ್ಮಿಟ್, ಮನೆಗೆ ಎಷ್ಟು ಅನ್ನುವುದನ್ನು ಪಾಲಿಕೆಯೇ ಗೊತ್ತು ಮಾಡಬೇಕು.

ಇನ್ನು ದಂಡ. ಇಲ್ಲಿ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಂದು ಮಾತಿದೆ, ನನ್ನ ಪ್ರಕಾರ ಇಡೀ ವ್ಯವಸ್ಥೆ ನಿಂತಿರುವುದೇ ಅದರ ಮೇಲೆ. ಗುತ್ತಿಗೆದಾರನಿಗೆ ಕೊಡುವ ಹಣ, ಬಹುಮಾನ ಯಾವುದೂ ಎಷ್ಟು ದಂಡದ ಚೀಟಿ ಹರಿದ ಅನ್ನುವುದರ ಮೇಲೆ ಇರಬಾರದು. ರಸ್ತೆ ಸುತ್ತಿದರಾ, ದೂರು ಬಂದಾಗ ಎಷ್ಟು ಬೇಗ ಹೋದರು, ಹಾಕಿದ ದಂಡದಲ್ಲಿ ಎಷ್ಟು ತಪ್ಪಾಗಿತ್ತು, ಇಂಥದ್ದನ್ನು ನೋಡಿ ಕೊಡಬೇಕು. ನಿಮ್ಮಲ್ಲಿ ಗಾಡಿಗೆ 650 ಕೊಟ್ಟಿದ್ದು ಇದಕ್ಕೆ ಪೂರ್ತಿ ಉಲ್ಟಾ.

ಎರಡನೆಯದು, ದಂಡ ತಪ್ಪು ಅಂತ ನೀವು ವಿಧಿಪೂರ್ವಕವಾಗಿ ಬರೆದುಕೊಟ್ಟರೆ ಅದನ್ನು ನೋಡಬೇಕಾದವರು ಕೌನ್ಸಿಲ್ ನೌಕರರು, ಕಂಪನಿ ಅಲ್ಲ. ಅವರೂ ಒಪ್ಪಲಿಲ್ಲವೆಂದರೆ ಕೌನ್ಸಿಲ್ಲಿಗೆ ಸಂಬಂಧ ಇಲ್ಲದ ನ್ಯಾಯಮಂಡಳಿ ಇದೆ, ಅಲ್ಲಿಗೆ ಹೋಗಲು ಒಂದು ಪೈಸೆ ಕೊಡಬೇಕಿಲ್ಲ. ನನಗೇ ಆಗಿತ್ತು. ಕೆಲವು ವರ್ಷದ ಹಿಂದೆ ಬೇರೊಂದು ಕೌನ್ಸಿಲ್ಲಿನ ಜಾಗದಲ್ಲಿದ್ದೆ. ಹಳೇ ಕಾರು ಕೊಟ್ಟು ಬೇರೆ ಕಾರು ತಂದಿದ್ದೆ, ಪರ್ಮಿಟ್ಟಿನಲ್ಲಿ ನಂಬರ್ ಬದಲಾಯಿಸಿ ಅಂತ ಆನ್‌ಲೈನಿನಲ್ಲಿ ಅರ್ಜಿ ಹಾಕಿದ್ದೆ, ಆಯಿತು ಅಂತ ಇಮೇಲ್ ಕೂಡ ಬಂದಿತ್ತು. ಅವರ ಮಿಷನ್ನಿನಲ್ಲಿ ಮಾತ್ರ ಬದಲಾಗಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಗಾಜಿನ ಮೇಲೆ ಹಳದಿ ಕವರ್. 130 ಪೌಂಡ್, 14 ದಿನದೊಳಗೆ ಕಟ್ಟಿದರೆ ಅರ್ಧ. ಮೊದಲ ಪತ್ರಕ್ಕೆ ಬಂದ ಉತ್ತರದಲ್ಲಿ ನಾನು ಬರೆದಿದ್ದರ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಅರ್ಧ ಕಟ್ಟಿ ಕೈತೊಳೆದುಕೊಳ್ಳೋಣ ಅಂತ ಮನೆಯವಳು ಹೇಳಿದಳು, ನನಗೆ ಮನಸ್ಸು ಬರಲಿಲ್ಲ. ನ್ಯಾಯಮಂಡಳಿ ತನಕ ಹೋದೆ, ನಾಲ್ಕು ತಿಂಗಳು ಹಿಡಿಯಿತು, ದಂಡ ರದ್ದಾಯಿತು. ಆ ಬಾಗಿಲು ಇರದಿದ್ದರೆ ನಾನು ಏನು ಮಾಡಬೇಕಿತ್ತು?

ಇನ್ನೊಂದು, ದುಡ್ಡು ಎಲ್ಲಿಗೆ ಹೋಗಬೇಕು ಅಂದಿರಲ್ಲ. ಬಾರ್ನೆಟ್ಟಿನಲ್ಲೇ ನಡೆದದ್ದು ಹೇಳುತ್ತೇನೆ. ಕೌನ್ಸಿಲ್ ನಿವಾಸಿಗಳ ವರ್ಷದ ಪರ್ಮಿಟ್ಟನ್ನು 40 ಪೌಂಡಿನಿಂದ 100 ಪೌಂಡಿಗೆ ಏರಿಸಿತು. ಮನೆಗೆ ನೆಂಟರು ಬಂದರೆ ಕೊಡುವ ಚೀಟಿ 1 ಪೌಂಡ್ ಇದ್ದದ್ದು 4 ಪೌಂಡ್ ಆಯಿತು. ಬೀದಿಯ ಜನ ಸೇರಿ ಹೈಕೋರ್ಟಿಗೆ ಹೋದರು. 2013ರ ಜುಲೈನಲ್ಲಿ ತೀರ್ಪು ಬಂತು, ಪಾರ್ಕಿಂಗ್ ಕಾನೂನು ಇರುವುದು ಪಾರ್ಕಿಂಗ್ ನೋಡಿಕೊಳ್ಳುವುದಕ್ಕೆ, ಬೇರೆ ಖರ್ಚಿಗೆ ದುಡ್ಡು ಎತ್ತುವುದಕ್ಕೆ ಅಲ್ಲ, ಏರಿಸಿದ್ದು ಕಾನೂನಿಗೆ ವಿರುದ್ಧ ಅಂತ. ಈ ತಪ್ಪು ಕಂಪನಿಯದಲ್ಲ, ಕೌನ್ಸಿಲ್ಲಿನದೇ. ಹಾಗಾಗಿ ಪಾಲಿಕೆಯೇ ಮಾಡಿದರೆ ಎಲ್ಲ ಸರಿ, ಖಾಸಗಿ ಅಂದರೆ ಮೋಸ ಅಂತ ಬರೆಯಬೇಡಿ. ಕಾಗದದಲ್ಲಿ ಏನು ಬರೆದುಕೊಳ್ಳುತ್ತೀರಿ ಅನ್ನುವುದನ್ನು ನೋಡಿ.

ಮಿಚಿಗನ್ ಗಾಳಿ

ನಾನು ಶಿಕಾಗೋದಲ್ಲಿ ಇರುವುದು. ಒಂದೇ ವಿಷಯ ಸೇರಿಸುತ್ತೇನೆ: ಅವಧಿ. ಇಲ್ಲಿ 2008ರ ಡಿಸೆಂಬರಿನಲ್ಲಿ ಮೇಯರ್ ರಿಚರ್ಡ್ ಡೇಲಿ ನಗರದ ರಸ್ತೆಬದಿಯಲ್ಲಿ ಗಂಟೆ ಲೆಕ್ಕದ ಶುಲ್ಕ ಪಡೆಯುವ ಸುಮಾರು 36,000 ಪಾರ್ಕಿಂಗ್ ಮೀಟರುಗಳನ್ನು 115 ಕೋಟಿ ಡಾಲರಿಗೆ ಖಾಸಗಿಯವರಿಗೆ ಬಿಟ್ಟುಕೊಟ್ಟರು. ಎಷ್ಟು ವರ್ಷಕ್ಕೆ ಗೊತ್ತಾ? 75 ವರ್ಷ. 2083ರ ತನಕ. ಕೌನ್ಸಿಲ್ ಸದಸ್ಯರಿಗೆ ಓದಲು ಸಿಕ್ಕಿದ್ದು ಕೆಲವೇ ದಿನ. ಮುಂದಿನ ವರ್ಷ ನಗರದ ತನಿಖಾಧಿಕಾರಿ ಲೆಕ್ಕ ಹಾಕಿ, ಕಡಿಮೆ ಎಂದರೂ 97 ಕೋಟಿ ಡಾಲರ್ ಕಡಿಮೆಗೆ ಕೊಟ್ಟಿದ್ದೀರಿ ಅಂದರು. ಮನೆಗಳಿರುವ ಬೀದಿಗಳಲ್ಲಿ ಗಂಟೆಗೆ 25 ಸೆಂಟ್ ಇದ್ದದ್ದು 2013ರ ಹೊತ್ತಿಗೆ 2 ಡಾಲರ್. ಜಾತ್ರೆಗೋ ರಿಪೇರಿಗೋ ರಸ್ತೆ ಮುಚ್ಚಿ ಮೀಟರ್ ನಿಂತರೆ, ಒಪ್ಪಂದದ ಮಿತಿ ದಾಟಿದ ನಷ್ಟವನ್ನು ನಗರವೇ ಆ ಕಂಪನಿಗೆ ತುಂಬಿಕೊಡಬೇಕು.

ಗಾಂಧಿ ಬಜಾರಿನಲ್ಲಿ ಹಬ್ಬಕ್ಕೆ ರಸ್ತೆಯ ಮೇಲೆ ಹೂವಿನ ರಾಶಿ ಬೀಳುತ್ತದೆ. ಆ ದಿನ ಪಾರ್ಕಿಂಗ್ ಶುಲ್ಕ ಹೋಯಿತು ಅಂತ ಹೂವಿನವರನ್ನು ಎಬ್ಬಿಸುವ ಅಧಿಕಾರ ಗುತ್ತಿಗೆದಾರನಿಗೆ ಇರಬಾರದು. ಇದನ್ನು ಮೊದಲೇ ಬರೆಸಿಕೊಳ್ಳಿ. ಗುತ್ತಿಗೆ ಮೂರು ವರ್ಷಕ್ಕಿಂತ ಜಾಸ್ತಿ ಬೇಡ.

ಚೀಟಿ ಪುಸ್ತಕ

ಅಕ್ಕ, ನಾನು ಎರಡು ವರ್ಷ ಪಾರ್ಕಿಂಗ್ ಅಟೆಂಡೆಂಟ್ ಆಗಿದ್ದೆ. ಯಾವ ಊರು, ಯಾವ ಗುತ್ತಿಗೆ ಅಂತ ಹೇಳುವುದಿಲ್ಲ. ಮೇಲಿನವರು ಹೇಳಿದ್ದೆಲ್ಲ ಮೇಲಿನಿಂದ ಕಾಣುವುದು. ಕೆಳಗೆ ಹೇಗಿರುತ್ತದೆ ಅಂತ ಹೇಳುತ್ತೇನೆ.

ನಮ್ಮ ಧಣಿ ಹರಾಜಿನಲ್ಲಿ ಜಾಗ ಹಿಡಿದಿದ್ದರು. ವರ್ಷಕ್ಕೆ ಇಷ್ಟು ಅಂತ ಮೊದಲೇ ಕಟ್ಟಬೇಕು, ಅದರ ಮೇಲೆ ಬಂದದ್ದೆಲ್ಲ ಅವರದು. ಅವರು ಒಂದೊಂದು ರಸ್ತೆಯನ್ನು ಇನ್ನೊಬ್ಬರಿಗೆ ಒಳಗುತ್ತಿಗೆ ಕೊಟ್ಟರು. ಆ ಇನ್ನೊಬ್ಬರು ನನಗೆ ದಿನದ ಕಲೆಕ್ಷನ್ ಇಷ್ಟು ಅಂತ ಗೊತ್ತು ಮಾಡಿದರು. ಮಳೆ ಬರಲಿ, ಬಂದ್ ಆಗಲಿ, ಅಷ್ಟು ಆಗಲೇಬೇಕು. ಕಡಿಮೆ ಬಿದ್ದರೆ ಸಂಬಳದಲ್ಲಿ ಮುರಿಯುತ್ತಾರೆ. ಹಾಗಾಗಿ 10 ರೂಪಾಯಿ ಬೋರ್ಡಿನ ಕೆಳಗೆ ನಿಂತು 20 ಕೇಳುತ್ತಿದ್ದೆ. ಚೀಟಿ ಕೇಳಿದವರಿಗೆ ಚೀಟಿ, ಕೇಳದವರಿಗೆ ಇಲ್ಲ. ತಪ್ಪು ಅಂತ ಗೊತ್ತಿತ್ತು. ಒಂದು ಸಲ ಒಬ್ಬ ಅಜ್ಜ ಜೇಬಿನಿಂದ ಚಿಲ್ಲರೆ ತೆಗೆದು ನನ್ನ ಅಂಗೈ ಮೇಲೆ ಒಂದೊಂದೇ ನಾಣ್ಯ ಇಟ್ಟು ಎಣಿಸಿದರು, ಹದಿನಾರಕ್ಕೆ ಮುಗಿಯಿತು, ಇಷ್ಟೇ ಇರುವುದಪ್ಪ ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಜಾಗ ಇಲ್ಲದಿದ್ದರೂ ಗಾಡಿ ತುಂಬಿಸು ಅಂತಲೇ ನಮಗೆ ಹೇಳುತ್ತಿದ್ದದ್ದು. ಗೇಟಿನ ಮುಂದೆ, ತಿರುವಿನಲ್ಲಿ, ಎಲ್ಲಿ ಬೇಕಾದರೂ. ಗಾಡಿ ಜಾಸ್ತಿ ಆದಷ್ಟೂ ಕಲೆಕ್ಷನ್ ಜಾಸ್ತಿ. ನಿಮ್ಮ ಗೇಟಿಗೆ ಅಡ್ಡ ನಿಲ್ಲಿಸುವುದನ್ನು ತಡೆಯಲು ಇಟ್ಟ ಹುಡುಗನೇ ಅಲ್ಲಿ ನಿಲ್ಲಿಸಿ ಅಂತ ಕೈ ತೋರಿಸುತ್ತಾನೆ. ಅವನಿಗೆ ಬೇರೆ ದಾರಿ ಇರುವುದಿಲ್ಲ.

ನನ್ನನ್ನು ಕೇಳಿದರೆ ಪತ್ರದಲ್ಲಿ ಇದನ್ನು ಬರೆಯಿರಿ. ದುಡ್ಡು ನೇರವಾಗಿ ಪಾಲಿಕೆ ಖಾತೆಗೆ ಹೋಗಲಿ. ಗುತ್ತಿಗೆದಾರನಿಗೆ ತಿಂಗಳಿಗೆ ಇಷ್ಟು ಅಂತ ಪಾಲಿಕೆ ಕೊಡಲಿ. ಒಳಗುತ್ತಿಗೆ ಕೊಟ್ಟರೆ ಗುತ್ತಿಗೆ ರದ್ದು ಅಂತ ಇರಲಿ. ಅಟೆಂಡೆಂಟಿಗೆ ತಿಂಗಳ ಸಂಬಳ, ಪಿಎಫ್, ಇಎಸ್‌ಐ ಇರಲಿ, ಕಲೆಕ್ಷನ್ ಗುರಿ ಇರಬಾರದು. ರಸ್ತೆಯ ಮೇಲೆ ಬಣ್ಣದ ಗೆರೆ ಹಾಕಿ ನಂಬರ್ ಬರೆಯಲಿ. ಗೆರೆ ಇದ್ದರೆ ಜಗಳ ಅರ್ಧ ಕಡಿಮೆ ಅಕ್ಕ, ನಾನೇ ನೋಡಿದ್ದೇನೆ. ಗೆರೆ ಅಳಿಸಿ ಹೋದ ರಸ್ತೆಯಲ್ಲಿ ದಿನಾ ಬೈಸಿಕೊಳ್ಳುತ್ತಿದ್ದೆ.

ಹಳೇ ಸ್ಕೂಟರ್

ತಮ್ಮ, ನಿನ್ನ ಮಾತು ಓದಿ ಆ ಟೈಗರ್ ಹುಡುಗರ ನೆನಪಾಯಿತು. ಅವರ ಮೇಲೆ ಇಷ್ಟು ವರ್ಷ ಸಿಟ್ಟು ಇಟ್ಟುಕೊಂಡಿದ್ದೆ. ಅವರಿಗೂ ದಿನಕ್ಕೆ ಇಷ್ಟು ಗಾಡಿ ಅಂತ ಇದ್ದಿರಬೇಕು.

ನಾನು ಮೊದಲು ಬರೆದ "ಖಂಡಿತ ಬೇಡ" ಅನ್ನುವುದನ್ನು ಸ್ವಲ್ಪ ಸಡಿಲ ಮಾಡುತ್ತೇನೆ. ಗಾಡಿಗೆ ಇಷ್ಟು ಅನ್ನುವ ಲೆಕ್ಕ ಇದ್ದರೆ ಬೇಡವೇ ಬೇಡ. ಅದಿಲ್ಲದೆ, ಫೋನ್ ಮಾಡಿದಾಗ ಬರುವ ಹಾಗೆ ಇದ್ದರೆ ನೋಡೋಣ.

ಕೋರ್ಟ್ ಹಾಲ್ ಕೊನೇ ಬೆಂಚು

ಒಂದು ಮರೆತಿದ್ದೆ. ಇದನ್ನೆಲ್ಲ ಬರೆಯುವಾಗ ದಂಡವೇ ಬೇಡ ಅನ್ನುವ ಹಾಗೆ ಕಾಣಬಾರದು. ಫ್ರೀಡಂ ಪಾರ್ಕ್ ಹತ್ತಿರದ ಬಹುಮಹಡಿ ಪಾರ್ಕಿಂಗ್ ನೋಡಿ. 2024ರ ಜೂನಿನಲ್ಲಿ ಶುರುವಾಯಿತು, 556 ಕಾರು, 445 ಬೈಕು ನಿಲ್ಲುವ ಕಟ್ಟಡ, ನಡೆಸುವುದು ಖಾಸಗಿಯವರು. ಶುರುವಿನಲ್ಲಿ ಮಹಡಿಗಳು ಖಾಲಿ, ಸುತ್ತಲಿನ ರಸ್ತೆಗಳು ಭರ್ತಿ. ಬೀದಿಯಲ್ಲಿ ಪುಕ್ಕಟೆ ನಿಲ್ಲಿಸಲು ಬಿಟ್ಟರೆ ದುಡ್ಡು ಕೊಟ್ಟು ಒಳಗೆ ಯಾರು ಹೋಗುತ್ತಾರೆ? ಬೆಂಗಳೂರಿನಲ್ಲಿ ಒಂದು ಕೋಟಿಗೂ ಜಾಸ್ತಿ ಗಾಡಿ ಇವೆ. ಹೇಳುವವರು, ಕೇಳುವವರು ಇರಲೇಬೇಕು.

ಗಾಂಧಿಬಜಾರ್ ಅಡ್ಡರಸ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಕೂತು ಬರೆದೆ, ಒಂದು ಪುಟ ಒಂದೂವರೆ ಪುಟ ಆಯಿತು. ಮೊದಲ ಸಾಲಿನಲ್ಲೇ, ದಂಡದ ಸಂಖ್ಯೆ ನೋಡಿ ಯಾರಿಗೂ ಹಣ ಕೊಡಬಾರದು ಅಂತ ಹಾಕಿದ್ದೇನೆ. ಆಮೇಲೆ ಪೊಲೀಸ್ ಅಧಿಕಾರಿ ಕೆಳಗೆ ಇಳಿದು ನೋಡಿ ಸಹಿ ಹಾಕಬೇಕು, ಮೇಲ್ಮನವಿಯನ್ನು ಕಂಪನಿ ಕೇಳಬಾರದು, ಬೀದಿಯಲ್ಲಿ ಎಷ್ಟು ಜಾಗ ಇದೆಯೋ ಅದನ್ನು ಎಣಿಸಿ ಪರ್ಮಿಟ್ ಕೊಡಬೇಕು, ಮೂರು ವರ್ಷದ ಅವಧಿ, ಒಳಗುತ್ತಿಗೆ ಇಲ್ಲ, ಹೂವಿನವರನ್ನು ಮುಟ್ಟುವ ಹಾಗಿಲ್ಲ. ಆಂಬುಲೆನ್ಸ್, ಡಯಾಲಿಸಿಸ್ ಅಂತ ಫೋನ್ ಬಂದರೆ ಹದಿನೈದು ನಿಮಿಷದಲ್ಲಿ ಗೇಟು ಬಿಡಿಸಬೇಕು ಅಂತಲೂ ಸೇರಿಸಿದ್ದೇನೆ. ಅಪ್ಪನಿಗೆ ಓದಿ ಹೇಳಿದೆ. ನಮ್ಮದೇ ಬೀದಿಯವರು ರಸ್ತೆಗೆ ಇಟ್ಟಿರುವ ಹೂಕುಂಡ, ಡಬ್ಬ ಎಲ್ಲ ತೆಗೆಯಬೇಕು ಅಂತ ಮೊದಲು ಬರಿ, ಆಮೇಲೆ ಬೇರೆಯವರಿಗೆ ಹೇಳು ಅಂದರು. ಅದನ್ನೂ ಬರೆದೆ. ಮೀಟಿಂಗಿನಲ್ಲಿ ಗಲಾಟೆ ಆಗುವುದು ಆ ಸಾಲಿಗೇ ಅನ್ನಿಸುತ್ತದೆ.

ಚೀಟಿ ಪುಸ್ತಕ ಅವರೇ, ಭಾನುವಾರ ಹತ್ತು ಗಂಟೆಗೆ ನೀವು ಬಂದು ಎರಡು ಮಾತು ಹೇಳಲು ಆಗುತ್ತದಾ? ನಾನು ಓದಿದರೆ ಕೇಳುವುದಿಲ್ಲ, ನೀವು ಹೇಳಿದರೆ ಕೇಳುತ್ತಾರೆ. ಹೆಸರು, ಊರು ಯಾರೂ ಕೇಳದ ಹಾಗೆ ನಾನು ನೋಡಿಕೊಳ್ಳುತ್ತೇನೆ. ತಿಂಡಿ ನಮ್ಮ ಮನೆಯಲ್ಲೇ.

ಚೀಟಿ ಪುಸ್ತಕ

ಬರುತ್ತೇನೆ ಅಕ್ಕ. ಈಗ ಕೆಲಸ ಬೇರೆ ಕಡೆ, ಭಾನುವಾರ ರಜ ಇದೆ. ಆಗಿನ ಒಂದು ಚೀಟಿ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ, ಅರ್ಧ ಹರಿದಿಲ್ಲ. ಅದನ್ನೂ ತರುತ್ತೇನೆ. ಗಾಡಿ ತರುವುದಿಲ್ಲ, ಬಸ್ಸಿನಲ್ಲಿ ಬರುತ್ತೇನೆ.